ಪ್ರಮಾಣಪತ್ರವೂ ಪ್ರಮಾಣವೂ

ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ. ಮಠದಲ್ಲಿ ಮಕ್ಕಳ ಸಂಸ್ಕೃತ ಪಾಠ ಮುಗಿದು ಜಮಖಾನೆಗಳನ್ನು ಸುತ್ತಿಡುವ ಹೊತ್ತಿಗೆ, ನಮಗೆ ಚಿರಪರಿಚಿತನಾದ ತರುಣನೊಬ್ಬನು ಕೈಯಲ್ಲಿ ಎರಡು ಹಾಳೆಗಳನ್ನು ಹಿಡಿದು ಬಂದು ನಮಸ್ಕರಿಸಿ ನಿಂತನು. ಅವನ ತಂದೆಯವರು ಬಾಗಲಕೋಟೆಯ ಕಡೆಯವರು. ಪುಣೆಗೆ ಬಂದು ನೆಲೆಸಿ ಮೂವತ್ತು ವರ್ಷಗಳ ಮೇಲಾಯಿತು. ಹುಡುಗನು ಹುಟ್ಟಿ, ಬೆಳೆದು, ಓದಿದ್ದೆಲ್ಲ ಇಲ್ಲಿಯೇ. ಇಂಜಿನಿಯರಿಂಗ್ ಮುಗಿಸಿ ಐದು ವರ್ಷಗಳಿಂದ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದಾನೆ. ಈಗ ಎಂ.ಬಿ.ಎ. ಪದವಿಗಾಗಿ ಅಮೆರಿಕದ ಎರಡು, ಫ್ರಾನ್ಸಿನ ಒಂದು, ಹೀಗೆ ಮೂರು ಹೆಸರಾಂತ ಬಿಸಿನೆಸ್ ಸ್ಕೂಲುಗಳಿಗೆ ಅರ್ಜಿ ಹಾಕಲು ಹೊರಟಿದ್ದಾನೆ.

"ಕಾಕಾ, ಒಂದು ಶಿಫಾರಸು ಪತ್ರ ಬೇಕಾಗೇದ. ಆಫೀಸಿನ ಕಡೆಯಿಂದ ಒಂದು ಆತು. ಎರಡನೇದು ಹೊರಗಿನ ಸೇವಾದ ಬಗ್ಗೆ ಇದ್ದರ ಚಲೋ ಅಂತ ಹೇಳ್ಯಾರ. ನಿಮಗ ತ್ರಾಸ ಬ್ಯಾಡ ಅಂತ ನಾನs ಬರಕೊಂಡು ಬಂದೀನಿ. ನಿಮ್ಮ ಇ-ಮೇಲಿಗೆ ಒಂದು ಲಿಂಕ್ ಬರತದ, ಅದರಾಗ ಇದನ್ನ ಹಾಕಿ ಕಳಿಸಿಬಿಡ್ರಿ" ಎಂದನು.

ಹಾಳೆಗಳನ್ನು ಓದಿದೆವು. ಆಂಗ್ಲಭಾಷೆ ಅತ್ಯಂತ ಪರಿಷ್ಕೃತವಾಗಿತ್ತು. ಈ ತರುಣನು ಸತತ ಮೂರು ವರ್ಷಗಳ ಕಾಲ ಶ್ರೀಗುರುರಾಯರ ಆರಾಧನೆಯ ಅನ್ನಸಂತರ್ಪಣೆಯ ಸಮಗ್ರ ನೇತೃತ್ವವನ್ನು ವಹಿಸಿದನೆಂದೂ, ಐವತ್ತು ಜನ ಸ್ವಯಂಸೇವಕರ ಪಡೆಯನ್ನು ಕಟ್ಟಿದನೆಂದೂ, ಲಕ್ಷಾಂತರ ರೂಪಾಯಿಗಳ ದೇಣಿಗೆಯನ್ನು ಸಂಗ್ರಹಿಸಿದನೆಂದೂ, ಇಂಥ ಮುಂದಾಳನ್ನು ತಮ್ಮ ನಲವತ್ತು ವರ್ಷಗಳ ಅನುಭವದಲ್ಲಿ ಕಂಡಿಲ್ಲವೆಂದೂ ನಾವು ಹೇಳುತ್ತಿದ್ದೆವು. ಅಂದರೆ ನಮ್ಮ ಬಾಯಿಯಿಂದ ಆ ಹಾಳೆಗಳು ಹೇಳಿಸುತ್ತಿದ್ದವು. ಹಣ ತೆಗೆದುಕೊಂಡು ಅರ್ಜಿಗಳನ್ನು ತಿದ್ದಿಕೊಡುವ ಸಲಹೆಗಾರನೊಬ್ಬನು ಇದನ್ನು ಸಿದ್ಧಪಡಿಸಿದ್ದನೆಂದು ಆಮೇಲೆ ತಿಳಿಯಿತು. ನಿಜಸ್ಥಿತಿಯೇನೆಂದರೆ, ಹುಡುಗನು ಎರಡು ವರ್ಷ ಆರಾಧನೆಗೆ ಬಂದು ದುಡಿದಿದ್ದನು, ನೇತೃತ್ವ ಅವನದಾಗಿರಲಿಲ್ಲ, ದೇಣಿಗೆಯ ಪುಸ್ತಕವನ್ನು ಅವನು ಮುಟ್ಟಿದವನೂ ಅಲ್ಲ.

"ಒಂದು ವಾರ ಬಿಟ್ಟು ಬಾರಪಾ" ಎಂದು ಹೇಳಿ ಹಾಳೆಗಳನ್ನು ಇಟ್ಟುಕೊಂಡೆವು. ಆ ಒಂದು ವಾರ ನಮ್ಮ ಮನಸ್ಸಿನಲ್ಲಿ ನಡೆದ ಊಹಾಪೋಹವನ್ನೇ ಓದುಗ ಬಾಂಧವರ ಮುಂದಿಡುತ್ತಿದ್ದೇವೆ. ಏಕೆಂದರೆ ನಮ್ಮ ಸಮಾಜದ ಮನೆಮನೆಯಲ್ಲಿಯೂ ಇಂದು ಇಂಥ ಒಂದು ಅರ್ಜಿ ಸಿದ್ಧವಾಗುತ್ತಿದೆ. ಮಗನಿಗೋ ಮಗಳಿಗೋ ಸ್ಥಾನ ಸಿಕ್ಕೀತೇ ಎಂಬ ಚಿಂತೆ ಒಂದು. ಸಿಗುವಂತೆ ಮಾಡಲು ಏನು ಮಾಡಬೇಕೆಂಬ ಚಿಂತೆ ಇನ್ನೊಂದು. ಏನು ಮಾಡಬಾರದು ಎಂಬ ಮೂರನೆಯ ಚಿಂತೆಗೆ ಮಾತ್ರ ಯಾರ ಬಳಿಯೂ ಸಮಯವಿಲ್ಲ.

ಮೊದಲನೆಯ ಚಿಂತೆಯನ್ನು ತೆಗೆದುಕೊಳ್ಳೋಣ. ರೈಲ್ವೆಯಲ್ಲಿ ಸೇವೆ ಸಲ್ಲಿಸಿದವರಿಗೆ ನಿವೃತ್ತಿಯ ನಂತರವೂ ತಪ್ಪದ ಪ್ರಶ್ನೆಯೊಂದುಂಟು: "ರಾಯರೇ, ವೇಟಿಂಗ್ ಲಿಸ್ಟ್ ಮೂವತ್ತನಾಲ್ಕು ಇದೆ, ಕನ್ಫರ್ಮ್ ಆದೀತೇ?" ನಾವು ಮೊದಲು ಕೇಳುವುದು ಯಾವ ಲಿಸ್ಟಿನ ಮೂವತ್ತನಾಲ್ಕು ಎಂದು. ಗಾಡಿ ಹೊರಡುವ ಊರಿನ ಸಾಮಾನ್ಯ ಪಟ್ಟಿಯಲ್ಲಿ ಮೂವತ್ತನಾಲ್ಕು ಎಂದರೆ ಭಯವಿಲ್ಲದಿರಬಹುದು. ನಡುವಣ ಸ್ಟೇಶನ್ನುಗಳಿಗೆಲ್ಲ ಸೇರಿಸಿ ಇಟ್ಟ ಪೂಲ್ಡ್ ಕೋಟಾದಲ್ಲಿ ಹನ್ನೆರಡು ಎಂದರೂ ಆಸೆ ಬಿಡಬೇಕಾಗಬಹುದು. 2018ರಿಂದ ಟಿಕೆಟ್ ಕೊಡುವ ಐ.ಆರ್.ಸಿ.ಟಿ.ಸಿ.ಯೇ ಹಿಂದಿನ ರದ್ದತಿಗಳ ಲೆಕ್ಕ ಹಾಕಿ ಸಂಭವವೆಷ್ಟೆಂದು ತೋರಿಸುತ್ತಿದೆ. ಆದರೂ ಜನ ನಮ್ಮನ್ನು ಕೇಳುವುದನ್ನು ಬಿಟ್ಟಿಲ್ಲ. ಅವರಿಗೆ ಬೇಕಾದದ್ದು ಸಂಖ್ಯೆಯಲ್ಲ, ಸಮಾಧಾನ.

ಪರೀಕ್ಷೆಯ ಅಂಕವೂ ಹಾಗೆಯೇ. ಯಾವ ಪಟ್ಟಿಯದೆಂದು ತಿಳಿಯದೆ ಅದನ್ನು ಓದಲಾಗದು. ನಮ್ಮ ಪರಿಚಯದ ಗೃಹಸ್ಥರೊಬ್ಬರು, ನೆರೆಮನೆಯ ಹುಡುಗ ಆರು ವರ್ಷಗಳ ಹಿಂದೆ ಜಿಮ್ಯಾಟ್‌ನಲ್ಲಿ 700 ಪಡೆದನೆಂದೂ ತಮ್ಮ ಮಗಳಿಗೆ ಬರೀ 655 ಬಂದಿತೆಂದೂ ಹಲುಬುತ್ತಿದ್ದರು. 2023ರ ನವೆಂಬರಿನಲ್ಲಿ ಆ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಹಿಂದೆ 200ರಿಂದ 800ರವರೆಗೆ ಇದ್ದ ಮಾಪನ ಈಗ 205ರಿಂದ 805ರವರೆಗೆ ಆಗಿದೆ. ಗಣಿತ, ಭಾಷೆ, ದತ್ತಾಂಶ ವಿವೇಚನೆ ಎಂಬ ಮೂರು ಭಾಗಗಳು. ಹಳೆಯ 700ಕ್ಕೆ ಹೊಸದರಲ್ಲಿ ಸರಿಸುಮಾರು 645 ಸಮಾನ. ಅಂದಮೇಲೆ ಮಗಳೇ ಮುಂದಿದ್ದಳು! ತಂದೆಯವರು ಎರಡು ತಿಂಗಳು ಅವಳೊಡನೆ ನೆಟ್ಟಗೆ ಮಾತನಾಡಿರಲಿಲ್ಲ.

ನಮ್ಮ ದೇಶದ ಕ್ಯಾಟ್ ಪರೀಕ್ಷೆಯ ವಿಷಯದಲ್ಲಿ ಇನ್ನೊಂದು ಭ್ರಾಂತಿಯಿದೆ. ಅಲ್ಲಿ ಕೊಡುವ ಪರ್ಸೆಂಟೈಲ್ ಎಂಬುದು ನೂರಕ್ಕೆ ಇಷ್ಟು ಎಂಬ ಅಂಕವಲ್ಲ. ಎಷ್ಟು ಜನರಿಗಿಂತ ಮುಂದಿದ್ದಾನೆ ಎಂಬ ಸ್ಥಾನಸೂಚನೆ. ಈಚಿನ ವರ್ಷಗಳಲ್ಲಿ ಆ ಪರೀಕ್ಷೆಗೆ ಕೂಡುವವರು ಮೂರು ಲಕ್ಷದ ಹತ್ತಿರ. ಆದುದರಿಂದ 99 ಎಂದು ಬಂದ ಹುಡುಗನ ಮುಂದೆಯೂ ಸುಮಾರು ಮೂರು ಸಾವಿರ ಜನ ನಿಂತಿರುತ್ತಾರೆ. 1961ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಐ.ಐ.ಎಂ.ನ ಮುಖ್ಯ ತರಗತಿಯಲ್ಲಿರುವುದು ನಾಲ್ಕು ನೂರರ ಆಸುಪಾಸಿನ ಸ್ಥಾನಗಳು. ಮೇಲಾಗಿ ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ, ಪದವಿ, ಇವುಗಳ ಅಂಕಗಳಿಗೂ ಅಲ್ಲಿ ತೂಕವುಂಟು. ಹತ್ತನೆಯ ತರಗತಿಯಲ್ಲಿ ಕಾಮಾಲೆಯಾಗಿ ಮಲಗಿದ್ದ ಹುಡುಗನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದರ ದಂಡ. ಇದು ನ್ಯಾಯವೇ ಎಂದು ಕೇಳಿದರೆ ನಾವು ಅಲ್ಲವೆಂದೇ ಹೇಳುತ್ತೇವೆ. ಆದರೆ ಒಂದು ಗುಣವಿದೆ: ಸೂತ್ರವನ್ನು ಮೊದಲೇ ಪ್ರಕಟಿಸಿರುತ್ತಾರೆ, ಅಭ್ಯರ್ಥಿಯು ಮನೆಯಲ್ಲಿ ಕುಳಿತು ಲೆಕ್ಕ ಹಾಕಿಕೊಳ್ಳಬಹುದು.

ಅಮೆರಿಕದ ವಿದ್ಯಾಲಯಗಳಲ್ಲಿ ಇಂಥ ಸೂತ್ರವಿಲ್ಲ. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರತಿ ವರ್ಷ ಒಂಬೈನೂರಕ್ಕೂ ಮೇಲ್ಪಟ್ಟು ಸ್ಥಾನಗಳು. ಅರ್ಜಿಗಳು ಹತ್ತು ಸಾವಿರದ ಆಸುಪಾಸು. ಸ್ಟ್ಯಾನ್‌ಫರ್ಡಿನಲ್ಲಿ ಸ್ಥಾನಗಳು ಅದರ ಅರ್ಧಕ್ಕೂ ಕಡಿಮೆ. ಅವರು ಅಂಕ, ಉದ್ಯೋಗ, ಬರಹ, ಶಿಫಾರಸು, ಸಂದರ್ಶನ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ. ಒಂದೇ ಬಗೆಯವರಿಂದ ತರಗತಿ ತುಂಬಬಾರದೆಂಬುದು ಅವರ ಎಣಿಕೆ. ಭಾರತದಿಂದ ಹೋಗುವ ಅರ್ಜಿಗಳಲ್ಲಿ ಸಾಫ್ಟ್‌ವೇರ್ ಕ್ಷೇತ್ರದ ಇಂಜಿನಿಯರುಗಳು ಬಹಳ. ಅವರೆಲ್ಲರ ಗಣಿತವೂ ಚೆನ್ನಾಗಿಯೇ ಇರುತ್ತದೆ. ಹೀಗಾಗಿ ನಮ್ಮ ಹುಡುಗರು ನಿಂತಿರುವುದು, ರೈಲ್ವೆಯ ಭಾಷೆಯಲ್ಲಿ ಹೇಳುವುದಾದರೆ, ಪೂಲ್ಡ್ ಕೋಟಾದ ಪಟ್ಟಿಯಲ್ಲಿ. ನೂರರಲ್ಲಿ ಹತ್ತು ಜನರಿಗೆ ಸಿಗುವುದೆಂದರೆ ಈ ಹುಡುಗನಿಗೆ ನೂರರಲ್ಲಿ ಹತ್ತು ಭಾಗ ಸಿಗುತ್ತದೆ ಎಂದೇನೂ ಅಲ್ಲ. ಅವನಿಗೆ ಸಿಗುತ್ತದೆ, ಇಲ್ಲವೇ ಸಿಗುವುದಿಲ್ಲ.

ಇಲ್ಲಿ ನಮ್ಮವರು ಒಂದು ಮಾತನ್ನು ಬಹಳ ಸುಲಭವಾಗಿ ಆಡಿಬಿಡುತ್ತಾರೆ: "ಯೋಗ್ಯತೆ ಇದ್ದರೆ ಸಿಗುತ್ತದೆ." ಈ ಯೋಗ್ಯತೆ ಎಂಬ ಶಬ್ದವನ್ನು ನಮ್ಮ ಸಿದ್ಧಾಂತದಿಂದ ಕಿತ್ತು ತಂದು ಅಂಕಪಟ್ಟಿಗೆ ಅಂಟಿಸುವುದು ಅಪಚಾರವೇ ಸರಿ. ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ, ವನವಾಸದ ಪ್ರಕರಣದಲ್ಲಿ, ಫಲಕ್ಕೆ ಕಾರಣಗಳನ್ನು ಹೇಳುವಾಗ ಜೀವನ ಅನಾದಿಯಾದ ಯೋಗ್ಯತೆಯನ್ನೂ, ಕರ್ಮವನ್ನೂ, ಪ್ರಯತ್ನವನ್ನೂ ಹೇಳಿ, ಇವೆಲ್ಲವೂ ಶ್ರೀಹರಿಯ ಅಧೀನವೆಂದಿದ್ದಾರೆ. ಅಲ್ಲಿಯ ಯೋಗ್ಯತೆ ಜೀವಸ್ವರೂಪಕ್ಕೆ ಸಂಬಂಧಿಸಿದ್ದು. ಅದನ್ನು ಬಾಸ್ಟನ್ನಿನಲ್ಲಿ ಕುಳಿತ ಪ್ರವೇಶ ಸಮಿತಿಯು ಅಳೆಯಲಾರದು. ಅಳೆಯುತ್ತೇವೆಂದು ಅವರೂ ಹೇಳಿಲ್ಲ. ಸ್ಥಾನ ಸಿಗದ ಮಗುವಿಗೆ "ನಿನ್ನ ಯೋಗ್ಯತೆಯೇ ಅಷ್ಟು" ಎನ್ನುವ ತಂದೆತಾಯಿಗಳು ತಾವು ಯಾವ ಶಬ್ದವನ್ನು ಬಳಸುತ್ತಿದ್ದೇವೆಂದು ಒಮ್ಮೆ ಯೋಚಿಸಬೇಕು. ನಮ್ಮ ಕೈಯಲ್ಲಿರುವುದು ಪ್ರಯತ್ನವೊಂದೇ. ಅದರ ವಿಚಾರವೇ ಎರಡನೆಯ ಚಿಂತೆ.

ಅರ್ಜಿಯನ್ನು ಬಲಪಡಿಸುವುದರಲ್ಲಿ ದೋಷವೇನೂ ಇಲ್ಲ. ಅಂಕ ಸಾಲದಿದ್ದರೆ ಮತ್ತೊಮ್ಮೆ ಓದಿ ಬರೆಯಬಹುದು. ಅವಸರವಿಲ್ಲದಿದ್ದರೆ ಕಾಯಬಹುದು. ಇದನ್ನು ನಮ್ಮ ಪಾಲಕರು ಒಪ್ಪುವುದೇ ಇಲ್ಲ. ಆದರೆ ಅಮೆರಿಕ, ಯೂರೋಪುಗಳ ಈ ವಿದ್ಯಾಲಯಗಳಿಗೆ ಸೇರುವವರಲ್ಲಿ ಹೆಚ್ಚಿನವರು ನಾಲ್ಕೈದು ವರ್ಷ ದುಡಿದು ಬಂದವರು. ಇಪ್ಪತ್ತೆರಡಕ್ಕೆ ಸಿಗದ ಸ್ಥಾನ ಇಪ್ಪತ್ತೇಳಕ್ಕೆ ಸಿಗಬಹುದು, ನಡುವೆ ನಿಜವಾಗಿ ಏನಾದರೂ ಮಾಡಿದ್ದರೆ. ಹಣದ ಪ್ರಶ್ನೆ ಬೇರೆಯೇ ಇದೆ. ಹಾರ್ವರ್ಡಿನಂಥ ಕಡೆ ಎರಡು ವರ್ಷಕ್ಕೆ ಎರಡು ಲಕ್ಷ ಡಾಲರುಗಳಿಗೂ ಮೀರಿದ ವೆಚ್ಚವೆಂದ ಮೇಲೆ, ವಿದ್ಯಾರ್ಥಿವೇತನದ ನಿಯಮಗಳನ್ನು ಮೊದಲು ಓದಿ ಆಮೇಲೆ ಮನೆಯ ಕಾಗದಪತ್ರಗಳನ್ನು ಬ್ಯಾಂಕಿಗೆ ಒಯ್ಯುವುದು ಮೇಲು. ಶಿಫಾರಸಿನ ವಿಷಯದಲ್ಲಿ, ಸಂಸತ್ ಸದಸ್ಯರ ಪತ್ರ, ದೊಡ್ಡ ಸಂಸ್ಥೆಯ ಅಧ್ಯಕ್ಷರ ಪತ್ರ ತರುವ ಹವ್ಯಾಸ ನಮ್ಮಲ್ಲಿದೆ. ಅವರು ಕೇಳುವುದು ಅಭ್ಯರ್ಥಿಯ ಕೆಲಸವನ್ನು ದಿನನಿತ್ಯ ಕಂಡ ಮೇಲಧಿಕಾರಿಯ ಮಾತನ್ನು. ಹುಡುಗನನ್ನು ಮದುವೆಮನೆಯಲ್ಲಿ ಒಮ್ಮೆ ನೋಡಿದ ಮಂತ್ರಿಯ ಪತ್ರದಿಂದ ಅವರಿಗೆ ತಿಳಿಯುವುದು ಹುಡುಗನ ತಂದೆಯ ಪರಿಚಯ ಬಳಗ ಮಾತ್ರ.

ಇನ್ನು ಆತ್ಮಪರಿಚಯದ ಬರಹಗಳು. ಇಲ್ಲಿಯೇ ನಮ್ಮ ಸಂಸ್ಕಾರವಂತ ಮಕ್ಕಳು ತೊಡಕಿಗೆ ಬೀಳುತ್ತಾರೆ. ನಿನಗೆ ಅತ್ಯಂತ ಮುಖ್ಯವಾದುದು ಯಾವುದು, ಏಕೆ ಎಂದು ಸ್ಟ್ಯಾನ್‌ಫರ್ಡಿನವರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಹಾರ್ವರ್ಡಿನವರು 2024ರಲ್ಲಿ ತಮ್ಮ ಒಂದು ದೀರ್ಘ ಪ್ರಬಂಧವನ್ನು ಬಿಟ್ಟು ಮೂರು ಸಣ್ಣ ಬರಹಗಳನ್ನು ಕೇಳತೊಡಗಿದರು. ಎಲ್ಲದರಲ್ಲಿಯೂ ತನ್ನ ವಿಷಯವನ್ನು ತಾನೇ ಹೇಳಿಕೊಳ್ಳಬೇಕು. ನಮ್ಮ ಹಿರಿಯರು ಕಲಿಸಿದ್ದು ಅದಕ್ಕೆ ವಿರುದ್ಧ. ಕರ್ಣಪರ್ವದ ಪ್ರಸಂಗ ಓದುಗರಿಗೆ ಸುವಿದಿತ. ಕರ್ಣನಿಂದ ಗಾಯಗೊಂಡು ಶಿಬಿರಕ್ಕೆ ಬಂದ ಧರ್ಮರಾಜನು ನೋವಿನಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಅರ್ಜುನನನ್ನು ನಿಂದಿಸುತ್ತಾನೆ. ಹಾಗೆ ಹೇಳಿದವರನ್ನು ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ. ಹಿರಿಯರನ್ನು ಏಕವಚನದಲ್ಲಿ ಕರೆದು ಅವಮಾನಿಸಿದರೆ ಅದೇ ವಧೆಗೆ ಸಮಾನವೆಂದು ಶ್ರೀಕೃಷ್ಣನು ದಾರಿ ತೋರಿಸುತ್ತಾನೆ. ಹಾಗೆ ಮಾಡಿದ ಮೇಲೆ ಪಶ್ಚಾತ್ತಾಪದಿಂದ ಅರ್ಜುನನು ತನ್ನನ್ನೇ ಕೊಂದುಕೊಳ್ಳಲು ಕತ್ತಿ ಹಿರಿದಾಗ, ತನ್ನನ್ನು ತಾನು ಹೊಗಳಿಕೊ, ಅದೇ ಆತ್ಮಹತ್ಯೆ ಎಂದು ಹೇಳುತ್ತಾನೆ. ಇದನ್ನು ಕೇಳಿ ಬೆಳೆದ ಮಗುವಿಗೆ, ಐದು ನೂರು ಶಬ್ದಗಳಲ್ಲಿ ನಿನ್ನ ಸಾಧನೆಯನ್ನು ಬರೆ ಎಂದರೆ ಕೈ ಹೇಗೆ ಓಡೀತು? ಆಗ ಒಂದೋ ಮೂರು ಸಾಲು ಬರೆದು ಸುಮ್ಮನಾಗುತ್ತದೆ, ಇಲ್ಲವೇ ಬೇರೆಯವರಿಂದ ಬರೆಸುತ್ತದೆ. ಈಗಂತೂ ಯಂತ್ರವೇ ಕ್ಷಣದಲ್ಲಿ ಬರೆದುಕೊಡುತ್ತದೆ, ಅದಕ್ಕೆ ಸಂಕೋಚವಿಲ್ಲ.

ಆದರೆ ಆತ್ಮಪ್ರಶಂಸೆ ಬೇರೆ, ಸ್ವಶಕ್ತಿನಿವೇದನೆ ಬೇರೆ. ಈ ಭೇದವನ್ನು ತಿಳಿಯಲು ಕಿಷ್ಕಿಂಧಾಕಾಂಡದ ಕೊನೆಯನ್ನು ನೋಡಬೇಕು. ಸಮುದ್ರತೀರದಲ್ಲಿ ಕುಳಿತ ಕಪಿವೀರರನ್ನು ಅಂಗದನು, ಯಾರು ಎಷ್ಟು ದೂರ ಹಾರಬಲ್ಲಿರಿ ಎಂದು ಕೇಳುತ್ತಾನೆ. ಗಜನು ಹತ್ತು ಯೋಜನ ಎನ್ನುತ್ತಾನೆ. ಗವಾಕ್ಷನು ಇಪ್ಪತ್ತು. ಹೀಗೆ ಏರುತ್ತ ಹೋಗಿ, ವೃದ್ಧನಾದ ಜಾಂಬವಂತನು ತೊಂಬತ್ತು ಎನ್ನುತ್ತಾನೆ. ಅಂಗದನು, ನೂರು ಯೋಜನ ಹಾರಿ ಹೋಗಬಲ್ಲೆ, ಹಿಂದಿರುಗಿ ಬರಬಲ್ಲೆನೋ ಇಲ್ಲವೋ ಸಂಶಯ ಎನ್ನುತ್ತಾನೆ. ಎಂಥ ಸಭೆ! ಹತ್ತು ಎಂದು ಹೇಳಿದವನನ್ನು ಯಾರೂ ನಗಲಿಲ್ಲ. ಹತ್ತನ್ನು ಹದಿನೈದು ಎಂದು ಯಾರೂ ಹೇಳಲಿಲ್ಲ. ಯುವರಾಜನೇ ತನ್ನ ಕೊರತೆಯನ್ನು ಎಲ್ಲರೆದುರು ಹೇಳಿಕೊಂಡನು. ಅಲ್ಲಿ ಪ್ರಶ್ನೆಯಿದ್ದುದು ಮಾನಾಪಮಾನದ್ದಲ್ಲ, ಸೀತಾನ್ವೇಷಣೆಯದು. ಒಬ್ಬನು ಅಳತೆ ತಪ್ಪಿ ಹೇಳಿದರೆ ಕಾರ್ಯವೇ ಕೆಡುತ್ತಿತ್ತು. ಕೇಳಿದಾಗ, ಕಾರ್ಯಕ್ಕೆ ಬೇಕಾದಷ್ಟನ್ನು, ಇದ್ದಷ್ಟನ್ನು ಹೇಳುವುದು ಹೊಗಳಿಕೆಯಲ್ಲ. ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದ ಹನುಮಂತನ ಪರವಾಗಿ ಮಾತನಾಡಿದವನು ಜಾಂಬವಂತ. ಹನುಮಂತನ ಮೌನಕ್ಕೆ ಕಾರಣವೇನೆಂಬುದು ಬೇರೆಯೇ ಚರ್ಚೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಶಿಫಾರಸು ಮಾಡುವವನು ಹೇಗಿರಬೇಕೆಂಬುದಕ್ಕೆ ಜಾಂಬವಂತನಿಗಿಂತ ಮಿಗಿಲಾದ ಉದಾಹರಣೆ ನಮಗೆ ತಿಳಿಯದು. ಹುಟ್ಟಿನಿಂದ ಕಂಡವನು, ಕಂಡದ್ದನ್ನು ಹೇಳಿದನು.

ಪ್ರಮಾಣಪತ್ರ ಎಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಪ್ರಮಾಣವೆಂದರೇನು? ವಸ್ತು ಹೇಗಿದೆಯೋ ಹಾಗೆ ತಿಳಿಸುವುದು ಪ್ರಮಾಣವೆಂದು ಆಚಾರ್ಯರು ಪ್ರಮಾಣಲಕ್ಷಣದಲ್ಲಿ ನಿರ್ಣಯಿಸಿದ್ದಾರೆ. ಆ ಲಕ್ಷಣವಿಲ್ಲದ ಪತ್ರ ಕೇವಲ ಪತ್ರ. ನಮ್ಮ ಇಲಾಖೆಯಲ್ಲಿ ವರ್ಷಕ್ಕೊಮ್ಮೆ ಕೈಕೆಳಗಿನವರ ಕೆಲಸದ ಬಗ್ಗೆ ವರದಿ ಬರೆಯುವ ಪದ್ಧತಿಯುಂಟು. ಹಿಂದೆ ಅದು ಗೋಪ್ಯವಾಗಿತ್ತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇವದತ್ತ ಎಂಬವರ ಮೊಕದ್ದಮೆಯಲ್ಲಿ, ವರದಿಯ ಪ್ರತಿಯೊಂದು ಅಂಶವನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪಿತ್ತಿತು. ತೀರ್ಪು ನ್ಯಾಯವಾದದ್ದೇ. ಆದರೆ ಅದರ ನಂತರ ನಾವು ಕಂಡದ್ದೇನೆಂದರೆ, ಎದುರಿಗೆ ಕೂತವನ ಮುಖ ನೋಡಿ ಎಲ್ಲರಿಗೂ 'ಅತ್ಯುತ್ತಮ' ಎಂದು ಬರೆಯುವ ಅಧಿಕಾರಿಗಳು ಹೆಚ್ಚಿದರು. ಎಲ್ಲರೂ ಅತ್ಯುತ್ತಮರಾದ ಮೇಲೆ ಬಡ್ತಿಯ ಸಮಿತಿಯಲ್ಲಿ ಕುಳಿತ ನಮಗೆ ಆ ಶಬ್ದದಿಂದ ಏನೂ ತಿಳಿಯುತ್ತಿರಲಿಲ್ಲ. ನಿಜವಾಗಿ ಅತ್ಯುತ್ತಮನಾದವನಿಗೇ ಅದರಿಂದ ಹಾನಿಯಾಯಿತು.

ಇಷ್ಟೆಲ್ಲ ಬರೆಯುವ ನಾವು ನಿರ್ದೋಷಿಗಳೇನೂ ಅಲ್ಲ. ಆ ವಾರ ನಮ್ಮ ನಿದ್ದೆ ಕೆಡಿಸಿದ್ದು ಶಾಸ್ತ್ರವಿಚಾರವಲ್ಲ, ಒಂದು ಹಳೆಯ ಸಂಗತಿ. 1994ರ ಬೇಸಿಗೆ. ನಾವು ಆಗ ಇದ್ದ ಊರಿನ ಹೆಸರು ಬೇಡ. ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಆರು ವಾರಗಳ ತರಬೇತಿ ಕೊಡುವ ಏರ್ಪಾಡು ಅಲ್ಲಿತ್ತು; ಇಪ್ಪತ್ತು ಜನರಿಗೆ ಮಾತ್ರ ಅವಕಾಶ; ಪಟ್ಟಿ ನಮ್ಮ ಕೈಯಲ್ಲಿತ್ತು. ನಮಗೆ ಬಹಳ ಬೇಕಾದವರ ಮಗನೊಬ್ಬನ ಹೆಸರನ್ನು ಸೇರಿಸಿದೆವು. ಅವನು ನಾಲ್ಕು ದಿನ ಬಂದು, ಬಿಸಿಲು ತಾಳದೆ, ಮತ್ತೆ ಬರಲಿಲ್ಲ. ಜೂನ್ ತಿಂಗಳಲ್ಲಿ ಅವನ ತಂದೆಯವರು ಮನೆಗೆ ಬಂದು ಊಟ ಮಾಡಿ, ಹೊರಡುವಾಗ ಪ್ರಮಾಣಪತ್ರದ ಮಾತು ತೆಗೆದರು. ಆರು ವಾರಗಳ ತರಬೇತಿಯನ್ನು ತೃಪ್ತಿಕರವಾಗಿ ಪೂರೈಸಿದ್ದಾನೆಂದು ಬರೆದು ಸಹಿ ಮಾಡಿದೆವು. ಯಾರಿಗೇನು ನಷ್ಟ ಎಂದುಕೊಂಡೆವು.

ಅದೇ ಬೇಸಿಗೆಯಲ್ಲಿ ಗ್ಯಾಂಗ್‌ಮನ್ ಒಬ್ಬನು ಪಾಲಿಟೆಕ್ನಿಕ್ ಓದುತ್ತಿದ್ದ ತನ್ನ ಮಗಳನ್ನು ಕರೆದುಕೊಂಡು ಬಂದು ಕಚೇರಿಯ ಬಾಗಿಲಲ್ಲಿ ನಿಂತಿದ್ದನು. ಪಟ್ಟಿ ತುಂಬಿದೆ, ಮುಂದಿನ ವರ್ಷ ನೋಡೋಣ ಎಂದು ಹೇಳಿ ಕಳುಹಿಸಿದವರೂ ನಾವೇ. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಂಕಪಟ್ಟಿಗಳಿದ್ದುದು ನೆನಪಿದೆ. ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಬುದ್ಧಿ ನಮಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ನಾಲ್ಕು ದಿನ ಬಂದು ಬಿಟ್ಟವನ ಖಾಲಿ ಜಾಗವನ್ನಾದರೂ ಅವಳಿಗೆ ಕೊಡಬಹುದಾಗಿತ್ತು. ಕೊಟ್ಟಿದ್ದರೆ ಪ್ರಮಾಣಪತ್ರಕ್ಕೆ ತೊಡಕಾಗುತ್ತಿತ್ತು. ಆ ಹುಡುಗ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಆಶೀರ್ವಾದ ಮಾಡುವಾಗ ನಮ್ಮ ಕೈ ಸ್ವಲ್ಪ ತಡವರಿಸುತ್ತದೆ.

ರಿಸರ್ವೇಶನ್ ಕೆಲಸ ನೋಡಿದವರಿಗೆ ಇದು ಇನ್ನೂ ಸ್ಪಷ್ಟವಾಗಿ ತಿಳಿಯಬೇಕಾಗಿತ್ತು. ತುರ್ತು ಕೋಟಾದಲ್ಲಿ ಚಿಕಿತ್ಸೆಗೆಂದು ಸುಳ್ಳು ಪತ್ರ ಕೊಟ್ಟು ಒಬ್ಬನಿಗೆ ಬರ್ತ್ ದೊರಕಿಸಿದರೆ, ನಿಜವಾಗಿ ರೋಗಿಯನ್ನು ಕರೆದೊಯ್ಯುತ್ತಿರುವ ಇನ್ನೊಬ್ಬನು ಪ್ಲಾಟ್‌ಫಾರ್ಮಿನಲ್ಲಿ ಉಳಿಯುತ್ತಾನೆ. ಅವನ ಮುಖವನ್ನು ನಾವು ನೋಡುವುದಿಲ್ಲ. ಬೇರೆ ಊರಿನ ಬೇರೆ ಪಟ್ಟಿಯಲ್ಲಿ ಅವನೊಂದು ಅಂಕೆ. ಸ್ಥಾನಗಳು ಎಣಿಕೆಯವಾಗಿರುವ ಕಡೆಯಲ್ಲೆಲ್ಲ ಸುಳ್ಳಿಗೆ ಇಂಥ ಒಬ್ಬ ಮುಖವಿಲ್ಲದ ಸಾಲಗಾರನಿರುತ್ತಾನೆ, ಅವನಿಗೆ ನಾವು ತೀರಿಸಬೇಕಾದ ಸಾಲವಿದೆಯೆಂದು ಅವನಿಗೂ ತಿಳಿದಿರುವುದಿಲ್ಲ.

ಮುಂದಿನ ಭಾನುವಾರ ತರುಣನು ಬಂದನು. ಈ ಪತ್ರವನ್ನು ಕಳುಹಿಸಲಾರೆವೆಂದು ಹೇಳಿದೆವು. ಅವನ ಮುಖ ಬಾಡಿತು. "ಎಲ್ಲಾರೂ ಹಿಂಗs ಮಾಡ್ತಾರ್ರೀ ಕಾಕಾ. ನಾ ಒಬ್ಬಾವ ಇದ್ದದ್ದು ಇದ್ಹಾಂಗ ಬರದರ ನನಗs ಲುಕ್ಸಾನ" ಎಂದನು. ಈ ಮಾತಿಗೆ ನಮ್ಮ ಬಳಿ ಸುಲಭವಾದ ಉತ್ತರವಿರಲಿಲ್ಲ, ಈಗಲೂ ಇಲ್ಲ. ಸತ್ಯ ಹೇಳಿದವನಿಗೇ ಸ್ಥಾನ ಸಿಗುತ್ತದೆಂದು ನಾವು ಭರವಸೆ ಕೊಟ್ಟರೆ ಅದೂ ಒಂದು ಸುಳ್ಳು ಶಿಫಾರಸೇ. ಎಷ್ಟೋ ವಿದ್ಯಾಲಯಗಳು ಆಯ್ಕೆಯಾದವರ ಉದ್ಯೋಗ, ಅಂಕ, ಶಿಫಾರಸುಗಳನ್ನು ಹೊರಗಿನವರಿಂದ ತಪಾಸಣೆ ಮಾಡಿಸುತ್ತವೆ, ಸುಳ್ಳು ಕಂಡರೆ ಕೊಟ್ಟ ಪ್ರವೇಶವನ್ನೂ ಹಿಂತೆಗೆದುಕೊಳ್ಳುತ್ತವೆ ಎಂಬುದು ನಿಜ. ಆದರೆ ಸಿಕ್ಕಿಬೀಳುವ ಭಯದಿಂದ ಬಿಟ್ಟ ಸುಳ್ಳನ್ನು ಸತ್ಯವ್ರತವೆನ್ನಲಾದೀತೇ? 1994ರ ಸಂಗತಿಯನ್ನು ಅವನಿಗೆ ಹೇಳಿದೆವು. ಇದುವರೆಗೆ ಮನೆಯವರಿಗೂ ಹೇಳಿರಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗಿ ಮುಂದ ಏನಾದಳ್ರೀ?" ಎಂದು ಕೇಳಿದನು. ನಮಗೆ ಗೊತ್ತಿಲ್ಲವೆಂದೆವು.

ಆಮೇಲೆ ನಾವೇ ಕೇಳಿದೆವು: "ಅದು ಇರಲಿ, ಆರಾಧನಿಯೊಳಗ ನೀ ಏನೇನು ಮಾಡಿದಿ, ಹೇಳು ನೋಡೂಣು." ಹೇಳುವಂಥದ್ದೇನೂ ಇಲ್ಲವೆಂದನು. ಕೆದಕಿದಾಗ ಒಂದೊಂದಾಗಿ ಹೊರಬಂದಿತು. ಮೊದಲ ವರ್ಷ ಬಡಿಸಲು ನಿಂತಾಗ, ಗಡಿಯಾರ ಹಿಡಿದು ನೋಡಿದ್ದನಂತೆ. ಒಂದು ಪಂಕ್ತಿಗೆ ಐವತ್ತು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಎಲೆ ಎತ್ತಿ, ನೆಲ ಸಾರಿಸಿ, ಮತ್ತೆ ಎಲೆ ಹಾಕುವುದಕ್ಕೇ ಹೋಗುತ್ತಿತ್ತು. ಬಡಿಸುವುದಕ್ಕೆ ಎಲ್ಲರೂ ಮುಂದು, ಎಲೆ ಎತ್ತುವುದಕ್ಕೆ ಯಾರೂ ಇಲ್ಲ. ಎರಡನೆಯ ವರ್ಷ ಇವನು ಬಡಿಸುವುದನ್ನು ಬಿಟ್ಟು, ಐದು ಜನ ಗೆಳೆಯರನ್ನು ಕೂಡಿಸಿಕೊಂಡು ನೆಲ ಸಾರಿಸುವ ಕೆಲಸಕ್ಕೆ ನಿಂತನು. ಉಣ್ಣುವವರ ಬೆನ್ನ ಹಿಂದೆ ಜಾಗಕ್ಕಾಗಿ ಜನ ನಿಲ್ಲುವುದನ್ನು ತಪ್ಪಿಸಲು, ಚಪ್ಪಲಿ ಬಿಡುವಲ್ಲಿಯೇ ಪಂಕ್ತಿಯ ಸಂಖ್ಯೆ ಬರೆದ ಚೀಟಿಗಳನ್ನು ಕೊಡುವ ಏರ್ಪಾಡು ಮಾಡಿದನು. ವೃದ್ಧರಿಗೂ ಮಧುಮೇಹಿಗಳಿಗೂ ಮೊದಲ ಪಂಕ್ತಿ.

ಪೂರ್ವಾರಾಧನೆಯ ದಿನ ಅದು ಪೂರ್ಣವಾಗಿ ಕೆಟ್ಟಿತು. ಅಜ್ಜಿಗೆ ಮೊದಲ ಪಂಕ್ತಿಯ ಚೀಟಿ, ಕೈಹಿಡಿದು ಕರೆತಂದ ಮೊಮ್ಮಗಳಿಗೆ ಮೂರನೆಯದು. ಮೊಮ್ಮಗಳನ್ನು ಬಿಟ್ಟು ಅಜ್ಜಿ ಕೂಡಲೊಲ್ಲಳು. ಬಾಗಿಲಲ್ಲಿ ಗದ್ದಲವೋ ಗದ್ದಲ. ನಾವೇ ಎಲ್ಲರೆದುರು ಇವನನ್ನು ಗದರಿಸಿದ್ದೆವು. ಆಗ ಸಿಟ್ಟಿನಲ್ಲಿ ಆಡಿದ ಮಾತು ಈಗ ನೆನಪಾಯಿತು. ಇವನು ಎದುರು ಮಾತನಾಡದೆ, ರಾತ್ರಿ ಕುಳಿತು ಚೀಟಿಗಳನ್ನೆಲ್ಲ ಬದಲಿಸಿ, ಪ್ರತಿ ವೃದ್ಧರೊಡನೆ ಒಬ್ಬ ಜೊತೆಗಾರರಿಗೂ ಸ್ಥಾನವಿರುವಂತೆ ಮಾಡಿದ್ದನು. ಮಧ್ಯಾರಾಧನೆಯ ದಿನ ಕೊನೆಯ ಪಂಕ್ತಿ ಎದ್ದಾಗ ಮೂರೂವರೆ ಗಂಟೆ. ಹಿಂದಿನ ವರ್ಷ ನಾಲ್ಕೂವರೆ ದಾಟಿತ್ತು. ಅಡಿಗೆಯವರು ಒಂದು ಗಂಟೆ ಮೊದಲು ಊಟಕ್ಕೆ ಕುಳಿತರು.

"ಇದನ್ನ್ಯಾಕ ಬರೀಲಿಲ್ಲೋ?" ಎಂದೆವು. "ಎಲಿ ಎತ್ತಿದ್ದು ಏನು ಬರಿಯೋದು ಕಾಕಾ? ಸಲಹಾ ಕೊಟ್ಟವರು ಇದು ಭಾಳ ಸಣ್ಣದು ಅಂದರು" ಎಂದನು.

ಆ ರಾತ್ರಿ ಲಿಂಕ್ ತೆರೆದು ನೋಡಿದರೆ, ಅವರು ಕೇಳಿದ್ದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಅಭ್ಯರ್ಥಿಗೆ ನೀವು ತಿದ್ದಿ ಹೇಳಿದ ಮುಖ್ಯವಾದ ಮಾತು ಯಾವುದು, ಅದಕ್ಕೆ ಅವನು ಹೇಗೆ ನಡೆದುಕೊಂಡನು? ಹುಡುಗ ತಂದ ಎರಡು ಹಾಳೆಗಳಲ್ಲಿ ಇದಕ್ಕೆ ಕೊಟ್ಟಿದ್ದ ಉತ್ತರ, ಇವನು ಅತಿಯಾಗಿ ದುಡಿಯುತ್ತಾನೆ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳೆಂದು ಹೇಳಿದೆ ಎಂದು! ನಾವು ಅಜ್ಜಿಯ ಚೀಟಿಯ ಸಂಗತಿಯನ್ನು ನಡೆದಂತೆ ಬರೆದೆವು, ನಾವು ಗದರಿಸಿದ್ದು ಹೆಚ್ಚಾಯಿತೆಂಬುದನ್ನೂ ಸೇರಿಸಿ. ಅವನು ನೇತೃತ್ವ ವಹಿಸಿರಲಿಲ್ಲ, ಆರು ಜನರಲ್ಲಿ ಒಬ್ಬನಾಗಿದ್ದನು ಎಂದು ಬರೆದೆವು. ಎಷ್ಟು ಕಾಲದಿಂದ ಬಲ್ಲಿರಿ ಎಂಬಲ್ಲಿ, ಎಂಟು ವರ್ಷದ ಹುಡುಗನಾಗಿ ಪಾಠಕ್ಕೆ ಬರುತ್ತಿದ್ದಾಗಿನಿಂದ ಎಂದೆವು. ಎರಡು ಬೆರಳುಗಳಿಂದ ಟೈಪು ಮಾಡುವ ನಮಗೆ ಒಂದು ಪುಟಕ್ಕೆ ಎರಡು ತಾಸು ಹಿಡಿಯಿತು.

ಇದರಿಂದ ಅವನ ಅರ್ಜಿಗೆ ಬಲ ಬಂದಿತೋ, ಇದ್ದ ಬಲವೂ ಹೋಯಿತೋ ಹೇಳಲಾರೆವು. ಅವನ ತಂದೆಯವರು ಎರಡು ವಾರ ಮಠದಲ್ಲಿ ನಮ್ಮನ್ನು ಕಂಡರೂ ಮಾತನಾಡಿಸಲಿಲ್ಲ. ಮೂರನೆಯ ವಾರ, ವೇಟಿಂಗ್ ಲಿಸ್ಟಿನಲ್ಲಿದ್ದ ಹುಬ್ಬಳ್ಳಿಯ ಟಿಕೆಟೊಂದರ ವಿಷಯ ಕೇಳುವ ನೆಪದಿಂದ ಬಂದು ಕುಳಿತರು. ಅರ್ಜಿ ಜನವರಿಯ ಮೊದಲ ವಾರ ಹೋಗಿದೆ. ಉತ್ತರ ಬರುವುದು ಮಾರ್ಚ್ ತಿಂಗಳ ಕೊನೆಗಂತೆ.